ಗೆಡ್ಡೆಯೂ ಉಸಿರಾಡುತ್ತದೆ

(ಹಾಸನ ಜಿಲ್ಲೆಯಲ್ಲಿ ಹೊಸದಾಗಿ ಬೇಸಾಯಕ್ಕೆ ಇಳಿದವರ ಎದುರು, ಆಲೂಗೆಡ್ಡೆ ಬೆಳೆದು ಕಾಪಿಡುವ ಬಗ್ಗೆ, ಮೇ ತಿಂಗಳಲ್ಲಿ ಆಡಿದ ಮಾತುಗಳ ಬರಹ ರೂಪ.)

ಈ ಗೆಡ್ಡೆಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಹೋಗಿ. ನನ್ನ ಮಾತು ಮುಗಿಯುವಷ್ಟರಲ್ಲಿ ಹಿಂದಿನ ಸಾಲು ಮುಟ್ಟಿ ವಾಪಸ್ ಬಂದರೆ ಸಾಕು. ಹತ್ತು ದಿನದ ಹಿಂದೆ ಮಂಡಿಯಿಂದ ತಂದಿದ್ದು, ಪಂಜಾಬಿನ ಬೀಜದ ಗೆಡ್ಡೆ. ಕೈಗೆ ಬಂದಾಗ ಒಂದು ತುದಿ ನೋಡಿ. ಹೊಕ್ಕುಳಿನ ಹಾಗೆ ಸಣ್ಣ ಗುಳಿ ಕಾಣುತ್ತದೆ. ತಾಯಿ ಗಿಡಕ್ಕೆ ಅಂಟಿಕೊಂಡಿದ್ದ ಜಾಗ ಅದು. ಇನ್ನೊಂದು ತುದಿಯಲ್ಲಿ ಕಣ್ಣುಗಳು ಒತ್ತೊತ್ತಾಗಿವೆ. ಆ ತುದಿಗೆ ನಮ್ಮಜ್ಜ ‘ತಲೆ’ ಅನ್ನುತ್ತಿದ್ದರು. ಮೊಳಕೆ ಮೊದಲು ಬರುವುದು ತಲೆಯಿಂದಲೇ. ತಲೆಯ ಕಣ್ಣು ಎದ್ದರೆ ಉಳಿದ ಕಣ್ಣುಗಳನ್ನು ಏಳಲು ಬಿಡುವುದಿಲ್ಲ. ಕೆಲವು ಮನೆಗಳಲ್ಲಿ ಹಿರಿಯಣ್ಣ ಇರುತ್ತಾರಲ್ಲ, ಹಾಗೆ.

ಬಹಳ ಜನ ಇದನ್ನು ಬೇರು ಅಂದುಕೊಂಡಿದ್ದಾರೆ. ಗೆಣಸು ಬೇರು, ನಿಜ. ಆಲೂಗೆಡ್ಡೆ ನೆಲದೊಳಗೆ ಉಬ್ಬಿಕೊಂಡ ಕಾಂಡ. ಅದಕ್ಕೇ ಕಣ್ಣಿರುವುದು, ಅದಕ್ಕೇ ಬಿಸಿಲು ಬಿದ್ದರೆ ಹಸಿರಾಗುವುದು. ಕಿತ್ತ ಮೇಲೂ ಅದಕ್ಕೆ ಜೀವ ಇದೆ. ಉಸಿರಾಡುತ್ತದೆ, ಬೆವರುತ್ತದೆ, ರಾಶಿ ಹಾಕಿದರೆ ಬಿಸಿಯಾಗುತ್ತದೆ. ನೂರು ಗ್ರಾಂ ಗೆಡ್ಡೆಯಲ್ಲಿ ಸುಮಾರು 80 ಗ್ರಾಂ ನೀರೇ ಇರುತ್ತದೆ.

ಇದನ್ನು ಯಾಕೆ ಮೊದಲೇ ಹೇಳಿದೆ ಅಂದರೆ, ನಮ್ಮ ಹಳ್ಳಿಗಳಲ್ಲಿ ಕಾಪಿಡುವ ಬುದ್ಧಿ ಬೆಳೆದಿದ್ದು ರಾಗಿಯ ಮೇಲೆ. ಹಗೇವು ನೋಡಿದ್ದೀರಾ? ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಮೆತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಬಳಿಯುತ್ತಿದ್ದರು. ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಇಳಿಯುವುದು. ಒಳಗಿನ ಗಾಳಿ ಅಷ್ಟು ಕೆಟ್ಟಿರುತ್ತಿತ್ತು. ಆ ಕೆಟ್ಟ ಗಾಳಿಯೇ ರಾಗಿಯನ್ನು ಕಾಯುತ್ತಿದ್ದುದು. ಇದೇ ಬುದ್ಧಿಯನ್ನು ಆಲೂಗೆಡ್ಡೆಗೆ ತಂದರೆ ಕಥೆ ಮುಗಿಯಿತು. ರಾಗಿಗೆ ಗಾಳಿ ಆಡಬಾರದು, ಆಲೂಗೆಡ್ಡೆಗೆ ಆಡಲೇಬೇಕು. ನಾನಿದನ್ನು ದುಡ್ಡು ಕೊಟ್ಟು ಕಲಿತೆ. ಅದನ್ನು ಆಮೇಲೆ ಹೇಳುತ್ತೇನೆ.

‘ಸಾಂಪ್ರದಾಯಿಕ ಪದ್ಧತಿ’ ಅಂತ ನನ್ನನ್ನು ಕರೆಸಿದ್ದೀರಿ. ಆ ಮಾತಿನ ಬಗ್ಗೆ ಸ್ವಲ್ಪ ತಕರಾರು ಇದೆ. ನಮ್ಮಲ್ಲಿ ಎಷ್ಟೋ ಮನೆಗಳ ತಿಥಿ ಅಡುಗೆಗೆ ಆಲೂಗೆಡ್ಡೆ ಹಾಕುವುದಿಲ್ಲ. ಬಾಳೆಕಾಯಿ ನಡೆಯುತ್ತದೆ, ಸುವರ್ಣಗೆಡ್ಡೆ ನಡೆಯುತ್ತದೆ, ಇದು ನಡೆಯುವುದಿಲ್ಲ. ಯಾಕೆಂದರೆ ಇದು ಹೊರಗಿನಿಂದ ಬಂದ ನೆಂಟ. ಹೆಸರು ನೋಡಿದರೇ ಗೊತ್ತಾಗುತ್ತದೆ. ನಾವು ಆಲೂಗೆಡ್ಡೆ ಅನ್ನುತ್ತೇವೆ, ಆಲೂ ಉತ್ತರದ ಮಾತು. ಕೋಲಾರದ ಕಡೆ ಉರ್ಲಗಡ್ಡೆ, ಅದು ತಮಿಳಿನ ನೆರೆಮನೆ. ಮಂಗಳೂರಿಗೆ ಹೋದರೆ ಬಟಾಟೆ. ಬಟಾಟೆ ಪೋರ್ಚುಗೀಸರು ಬಿಟ್ಟು ಹೋದ ಮಾತು, ಗೆಡ್ಡೆಯನ್ನೂ ಪಶ್ಚಿಮ ಕರಾವಳಿಗೆ ತಂದವರು ಅವರೇ. ಅವರಿಗೆ ಸಿಕ್ಕಿದ್ದು ದಕ್ಷಿಣ ಅಮೆರಿಕದಿಂದ. ಪೆರು, ಬೊಲಿವಿಯಾ ಗಡಿಯಲ್ಲಿ ಟಿಟಿಕಾಕಾ ಅಂತ ದೊಡ್ಡ ಸರೋವರ ಇದೆ. ಅದರ ಸುತ್ತಿನ ಆಂಡೀಸ್ ಬೆಟ್ಟಗಳಲ್ಲಿ ಏಳೆಂಟು ಸಾವಿರ ವರ್ಷಗಳಿಂದ ಇದನ್ನು ಬೆಳೆಯುತ್ತಿದ್ದಾರೆ. ಸಂಪ್ರದಾಯ ಅಂದರೆ ಅವರದ್ದು. ನಮ್ಮದು ನಾಲ್ಕಾರು ತಲೆಮಾರಿನ ಅಭ್ಯಾಸ. ಆದರೂ ನಮ್ಮ ಹಿರಿಯರು ಕಲಿತಿದ್ದು ಕಮ್ಮಿ ಏನಲ್ಲ.

ಹಾಸನದಲ್ಲೇ ಇದು ಯಾಕೆ ನಿಂತಿತು? ಗೆಡ್ಡೆ ಕಟ್ಟಬೇಕಾದರೆ ರಾತ್ರಿ ತಣ್ಣಗಿರಬೇಕು, 20 ಡಿಗ್ರಿಗಿಂತ ಕೆಳಗೆ ಇದ್ದರೆ ಚೆನ್ನ. ಉತ್ತರದ ಬಯಲಿನಲ್ಲಿ ಅಂಥ ರಾತ್ರಿ ಬೇಕು ಅಂದರೆ ಚಳಿಗಾಲಕ್ಕೆ ಕಾಯಬೇಕು. ನಮ್ಮದು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಅರೆಮಲೆನಾಡು. ಮಳೆಗಾಲದಲ್ಲೇ ತಂಪು. ಜೊತೆಗೆ ನೀರು ಬಸಿಯುವ ಕೆಮ್ಮಣ್ಣು. ಪಂಪು, ಬಾವಿ ಏನೂ ಇಲ್ಲದವರು ಬರೀ ಮಳೆಯ ಮೇಲೆ ಮೂರು ತಿಂಗಳಲ್ಲಿ ಒಂದು ಬೆಳೆ ತೆಗೆದು, ಅದೇ ಹೊಲಕ್ಕೆ ಹುರುಳಿಯನ್ನೋ ಜೋಳವನ್ನೋ ಹಾಕಬಹುದಿತ್ತು. ಸಣ್ಣ ಹಿಡುವಳಿಯವನಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ. ದಸರಾ ಹೊತ್ತಿಗೆ ಕೈಯಲ್ಲಿ ಕಾಸು ಇರುತ್ತಿತ್ತು.

ಲೆಕ್ಕ ಎಲ್ಲ ಮಳೆ ನಕ್ಷತ್ರದ್ದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಭರಣಿಗೆ ನೇಗಿಲು ಇಳಿಯುತ್ತಿತ್ತು. ಒಂದಲ್ಲ, ಮೂರು ನಾಲ್ಕು ಸಲ ಉಳುಮೆ. ರಾಗಿಗೆ ಉತ್ತಂತೆ ಮೇಲೆ ಮೇಲೆ ಉತ್ತರೆ ಆಗದು. ಕೈ ಹಾಕಿದರೆ ಮೊಣಕೈವರೆಗೆ ಸಲೀಸಾಗಿ ಇಳಿಯಬೇಕು ಅನ್ನುವರು ಅಜ್ಜ. ಸ್ವಲ್ಪ ಉತ್ಪ್ರೇಕ್ಷೆ ಅದು. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬರುತ್ತದೆ, ಗೆಡ್ಡೆಯನ್ನು ತೂತು ಮಾಡಿ ಇಡುತ್ತದೆ. ಕೃತ್ತಿಕೆ, ರೋಹಿಣಿಯಲ್ಲಿ, ಅಂದರೆ ಮೇ ನಡುವಿನಿಂದ ಜೂನ್ ಮೊದಲ ವಾರದೊಳಗೆ, ಹದ ನೋಡಿ ಬಿತ್ತನೆ.

ಬೀಜ ಹೋಳು ಮಾಡುವ ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಅರ್ಧ ಬೆಳೆ ಅಲ್ಲೇ ತೀರ್ಮಾನ ಆಗುತ್ತದೆ. ಬಿತ್ತನೆಗೆ ಮೂರು ದಿನ ಮೊದಲು ನಮ್ಮ ಜಗಲಿಯಲ್ಲಿ ಐದಾರು ಹೆಂಗಸರು ಈಳಿಗೆಮಣೆ ಹಾಕಿಕೊಂಡು ಸಾಲಾಗಿ ಕೂರುತ್ತಿದ್ದರು. ಮಾತು ಮಾತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಗೆಡ್ಡೆ ಎತ್ತಿಕೊಂಡರೆ ಒಮ್ಮೆ ತಿರುಗಿಸಿ ಕಣ್ಣು ನೋಡುವುದು. ಮೊದಲ ಏಟು ತಲೆಯಿಂದ ಹೊಕ್ಕುಳಿಗೆ ಉದ್ದಕ್ಕೆ. ಅಡ್ಡ ಕೊಯ್ದರೆ ಒಂದು ಹೋಳಿಗೆ ತಲೆಯ ಕಣ್ಣುಗಳೆಲ್ಲ ಹೋಗಿ, ಇನ್ನೊಂದಕ್ಕೆ ಸೋಮಾರಿ ಕಣ್ಣುಗಳು ಮಾತ್ರ ಉಳಿಯುತ್ತವೆ. ಹೊಲದಲ್ಲಿ ಅದು ಗೊತ್ತಾಗುತ್ತದೆ, ಒಂದು ಗಿಡ ಮೊಳದುದ್ದ ಆದಾಗ ಪಕ್ಕದ್ದು ಆಗತಾನೆ ತಲೆ ಎತ್ತುತ್ತಿರುತ್ತದೆ. ಒಂದೊಂದು ಹೋಳಿಗೂ ಎರಡು ಮೂರು ಕಣ್ಣು ಇರಬೇಕು, ತೂಕ ನಿಂಬೆಹಣ್ಣಿನಷ್ಟು, 40 ಗ್ರಾಂ ಆಸುಪಾಸು. ಜಿಪುಣತನ ಮಾಡಿ ಸಣ್ಣ ಹೋಳು ಮಾಡಿದರೆ ಮೊಳಕೆಗೆ ಊಟ ಸಾಲದು. ಮೊದಲ ಎರಡು ವಾರ ಅದು ತಿನ್ನುವುದು ಆ ಹೋಳನ್ನೇ ತಾನೆ?

ಕೊಯ್ದ ಹೋಳುಗಳನ್ನು ಒಲೆಯ ಬೂದಿಯಲ್ಲಿ ಹೊರಳಿಸುವುದು. ಆಮೇಲೆ ನೆರಳಲ್ಲಿ ಹರಡಿ, ಮೇಲೆ ಒದ್ದೆ ಗೋಣಿ ಹಾಕಿ, ಎರಡು ಮೂರು ದಿನ ಬಿಡುವುದು. ಮೂರನೇ ದಿನ ಕೊಯ್ದ ಮುಖ ಮುಟ್ಟಿ ನೋಡಿದರೆ ಒಣ ಚರ್ಮದ ಹಾಗೆ ಬಿಗಿಯಾಗಿರುತ್ತದೆ. ಗಾಯ ಮಾಯುವುದು ಅಂತೀವಲ್ಲ, ನಿಜವಾಗಿಯೂ ಅದೇ. ಗೆಡ್ಡೆ ತನ್ನ ಗಾಯಕ್ಕೆ ತಾನೇ ತೊಗಟೆ ಕಟ್ಟಿಕೊಳ್ಳುತ್ತದೆ. ಬಿಸಿಲಿಗೆ ಹಾಕಿದರೆ ಹೋಳು ಬತ್ತುತ್ತದೆಯೇ ಹೊರತು ಗಾಯ ಮಾಯುವುದಿಲ್ಲ. ಬೂದಿಯ ಬಗ್ಗೆ ಈಗ ಜಾಸ್ತಿ ಹೊಗಳಿಕೆ ಕೇಳುತ್ತಿದ್ದೇನೆ. ಬೂದಿ ತೇವ ಹೀರುತ್ತದೆ, ಹೋಳು ಹೋಳಿಗೆ ಅಂಟದಂತೆ ನೋಡಿಕೊಳ್ಳುತ್ತದೆ. ರೋಗ ಒಳಗೇ ಇದ್ದರೆ ಬೂದಿಗೆ ಏನೂ ಮಾಡಲು ಆಗದು.

ಒಳಗಿನ ರೋಗ ಅಂದೆ. ಸೊರಗು ರೋಗ ಹೊತ್ತ ಗೆಡ್ಡೆ ಹೊರಗಿನಿಂದ ಸರಿಯಾಗೇ ಕಾಣಬಹುದು. ಕೊಯ್ದರೆ ಒಳಗೆ ಕಂದು ಬಣ್ಣದ ಉಂಗುರ, ಹಿಸುಕಿದರೆ ಬಿಳಿ ರಸ. ಆ ಈಳಿಗೆಯಲ್ಲೇ ಮುಂದಿನ ಗೆಡ್ಡೆ ಕೊಯ್ದರೆ ರೋಗ ಅದಕ್ಕೂ ದಾಟುತ್ತದೆ. ಹಾಗೆ ಒಂದು ಈಳಿಗೆ ಒಂದು ಚೀಲವನ್ನೇ ಕೆಡಿಸಬಹುದು. ನಮ್ಮಜ್ಜಿಗೆ ಬ್ಯಾಕ್ಟೀರಿಯಾ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಕಂದು ಉಂಗುರದ ಗೆಡ್ಡೆ ಸಿಕ್ಕರೆ ಅದನ್ನು ಒಲೆಗೆ ಎಸೆದು, ಈಳಿಗೆಯ ಅಲಗನ್ನು ಕುದಿಯುವ ನೀರಲ್ಲಿ ತೊಳೆದೇ ಮತ್ತೆ ಕೂರುತ್ತಿದ್ದರು. ‘ಎಂಜಲು ಅಲಗು’ ಅನ್ನುತ್ತಿದ್ದರು. ಹೊಲದಲ್ಲಿ ಗಿಡ ಹಸಿರಾಗಿದ್ದ ಹಾಗೇ ಬಾಡಿದರೆ ನೀವೇ ಪರೀಕ್ಷೆ ಮಾಡಬಹುದು. ಬುಡದ ಕಾಂಡ ಕೊಯ್ದು ಗಾಜಿನ ಲೋಟದ ತಿಳಿನೀರಲ್ಲಿ ನಿಲ್ಲಿಸಿ. ಐದು ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿದು ಕೆಳಗಿಳಿದರೆ ಅದೇ ರೋಗ. ಆ ಹೊಲಕ್ಕೆ ಮುಂದೆ ರಾಗಿ, ಜೋಳ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ ಬೇಡ. ಅವೆಲ್ಲ ಆಲೂಗೆಡ್ಡೆಯ ಒಡಹುಟ್ಟುಗಳು, ಕಾಯಿಲೆಯನ್ನೂ ಹಂಚಿಕೊಳ್ಳುತ್ತವೆ.

ಹೋಳು ಮಾಡುವ ಗೋಜೇ ಬೇಡ ಅಂದರೆ ಕೋಳಿಮೊಟ್ಟೆ ಗಾತ್ರದ ಇಡೀ ಗೆಡ್ಡೆ ನೆಡಿ. ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಎಕರೆಗೆ 50 ಕೆಜಿಯ ಹತ್ತು ಹನ್ನೆರಡು ಚೀಲ ಬೀಜ ಬೇಕು. ಚೀಲದೊಳಗೆ ಯಾವ ಗಾತ್ರ ಇದೆಯೋ ಅದೇ ಗತಿ.

ಬಿತ್ತನೆಗೆ ಎರಡು ನೇಗಿಲು. ಮುಂದಿನದು ಸಾಲು ಬಿಡುತ್ತದೆ, ಹೆಂಗಸರು ಗೇಣಿಗೊಂದರಂತೆ ಹೋಳು ಇಡುತ್ತಾರೆ, ಕಣ್ಣು ಮೇಲೆ ಮಾಡಿ. ಹಿಂದಿನ ನೇಗಿಲು ಪಕ್ಕದಲ್ಲೇ ಉತ್ತು ಮಣ್ಣು ಮುಚ್ಚುತ್ತದೆ. ಸಾಲಿನಿಂದ ಸಾಲಿಗೆ ಎರಡು ಅಡಿ. ತಿಂಗಳಾದ ಮೇಲೆ ಗಿಡದ ಬುಡಕ್ಕೆ ಮಣ್ಣೇರಿಸಬೇಕು. ಇದನ್ನು ಸುಮ್ನೆ ಕಳೆ ತೆಗೆಯುವ ಕೆಲಸ ಅಂತ ನೋಡಬೇಡಿ. ಗೆಡ್ಡೆ ಕಾಂಡ ಅಂದೆನಲ್ಲ, ಅದು ಹುಟ್ಟುವುದು ಬಿತ್ತಿದ ಹೋಳಿಗಿಂತ ಮೇಲೆ. ಮೇಲೆ ಮಣ್ಣಿಲ್ಲದಿದ್ದರೆ ಹೊರಗೆ ಇಣುಕುತ್ತದೆ, ಹಸಿರಾಗುತ್ತದೆ, ಕಹಿಯಾಗುತ್ತದೆ. ಆ ಹಸಿರಿನ ಜೊತೆಗೆ ಸೊಲನಿನ್ ಅನ್ನುವ ವಿಷವೂ ಸೇರಿರುತ್ತದೆ, ಅಂಥದ್ದನ್ನು ತಿನ್ನಬಾರದು. ಇಣುಕಿದ ಗೆಡ್ಡೆಯ ಮೇಲೆ ಪತಂಗ ಮೊಟ್ಟೆ ಇಡುವುದೂ ಉಂಟು. ಆ ಪತಂಗ ಆಮೇಲೆ ನಿಮ್ಮ ಜೊತೆಗೇ ಮನೆಗೆ ಬರುತ್ತದೆ.

ಈಗ ಅಂಗಮಾರಿ ರೋಗ. ಹಾಸನದಲ್ಲಿ ಈ ಮಾತು ಆಡಿದರೆ ವಯಸ್ಸಾದವರು ಮಾತು ನಿಲ್ಲಿಸುತ್ತಾರೆ. ಪುನರ್ವಸು, ಪುಷ್ಯದ ಹೊತ್ತಿಗೆ, ಅಂದರೆ ಜುಲೈಯಲ್ಲಿ, ಮೋಡ ಕವಿದು, ನಾಲ್ಕು ದಿನ ಬಿಸಿಲೇ ಕಾಣದೆ ಸೋನೆ ಹಿಡಿಯಿತು ಅಂದುಕೊಳ್ಳಿ. ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಮಚ್ಚೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಮಚ್ಚೆಯ ಸುತ್ತ ಬಿಳಿ ಬೂಷ್ಟು. ವಾರದೊಳಗೆ ಇಡೀ ಹೊಲ ಬಿಸಿನೀರು ಸುರಿದ ಹಾಗೆ ಕಪ್ಪಾಗಿ ನಿಂತಿರುತ್ತದೆ. ಕಣ್ಣಿಗೆ ಕಾಣುವ ಮೊದಲು ವಾಸನೆ ಬರುತ್ತದೆ ಅಂತ ನಮ್ಮ ತಂದೆ ಹೇಳುತ್ತಿದ್ದರು. ಆ ವಾಸನೆ ನನಗೂ ಗೊತ್ತು.

ಐರ್ಲೆಂಡಿನಲ್ಲಿ 1845ರಲ್ಲಿ ಬಂದಿದ್ದು ಇದೇ. ಅಲ್ಲಿ ಬಡವರ ಊಟ ಅಂದರೆ ಆಲೂಗೆಡ್ಡೆ ಮಾತ್ರ, ಅದೂ ಬಹುಪಾಲು ಲಂಪರ್ ಅನ್ನುವ ಒಂದೇ ತಳಿ. ನಾಲ್ಕಾರು ವರ್ಷದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ನಾವೇನು ಕಲಿತೆವು? 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ತಳಿಯನ್ನು ಹಾಸನದಲ್ಲಿ ಇವತ್ತಿಗೂ ಬಿತ್ತುತ್ತಿದ್ದೇವೆ. ಕುಫ್ರಿ ಅಂದರೆ ಶಿಮ್ಲಾ ಪಕ್ಕದ ಊರು. ಬಂದ ಹೊಸದರಲ್ಲಿ ಜ್ಯೋತಿ ಅಂಗಮಾರಿಗೆ ಚೆನ್ನಾಗಿ ತಡೆಯುತ್ತಿತ್ತು. ಶಿಲೀಂಧ್ರದಂಥ ಆ ಜೀವಿ ಸುಮ್ಮನೆ ಕೂರಲಿಲ್ಲ. ಅದು ಬದಲಾಯಿತು, ನಾವು ಬದಲಾಗಲಿಲ್ಲ. ರೋಗ, ಬೀಜದ ಖರ್ಚು, ಬೆಲೆಯ ಏಟು ಎಲ್ಲ ಸೇರಿ ಎಷ್ಟೋ ಜನ ಆಲೂಗೆಡ್ಡೆ ಬಿಟ್ಟು ಮುಸುಕಿನ ಜೋಳ ಹಿಡಿದರು. ಅವರದ್ದು ತಪ್ಪು ಅಂತ ನಾನು ಹೇಳಲಾರೆ.

ಹಳಬರ ಕೈಯಲ್ಲಿದ್ದ ಔಷಧ ಬೋರ್ಡೋ ದ್ರಾವಣ. ಮಲೆನಾಡಿನ ಕಡೆಯವರು ಯಾರಾದರೂ ಇದ್ದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು ಗೊತ್ತೇ ಇರುತ್ತದೆ. ಅಂಗಮಾರಿ ಮತ್ತು ಕೊಳೆರೋಗ ದಾಯಾದಿಗಳು, ಎರಡೂ ಫೈಟಾಫ್ತೊರಾ ಕುಲದವು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಕೊಳೆರೋಗದ ಬೆನ್ನು ಹತ್ತಿ ಅಡಿಕೆಗೆ ಈ ದ್ರಾವಣವನ್ನು ರೂಢಿಗೆ ತಂದರು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಆಮೇಲೆ ಎರಡನ್ನೂ ಕೂಡಿಸುವುದು. ಕಬ್ಬಿಣದ ಪಾತ್ರೆ ಬೇಡ. ಸರಿಯಾಗಿದೆಯಾ ಅಂತ ನೋಡಲು ಉಜ್ಜಿದ ಚಾಕು ಅದ್ದಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ತಿಳಿ ಹಾಕಿ. ಇದು ರೋಗ ಬರುವ ಮೊದಲು ಹೊಡೆಯುವ ಔಷಧ. ಎಲೆ ಕಪ್ಪಾದ ಮೇಲೆ ಹೊಡೆದರೆ ಮೈಲುತುತ್ತ ದಂಡ.

ಕೀಳುವ ವಿಷಯಕ್ಕೆ ಬರೋಣ, ಯಾಕೆಂದರೆ ಕಾಪಿಡುವ ಕೆಲಸ ಶುರುವಾಗುವುದೇ ಹೊಲದಲ್ಲಿ. ಗಿಡ ಹಳದಿಯಾದ ಮೇಲೆ ಹಂಬು, ಅಂದರೆ ನೆಲದ ಮೇಲಿನ ಗಿಡ, ಕೊಯ್ದು ಹೊರಗೆ ಹಾಕಿ, ಗೆಡ್ಡೆಯನ್ನು ಹತ್ತು ಹದಿನೈದು ದಿನ ಮಣ್ಣಲ್ಲೇ ಬಿಡಬೇಕು. ಆಗ ಸಿಪ್ಪೆ ಗಟ್ಟಿಯಾಗುತ್ತದೆ. ಹಂಬಿನಲ್ಲಿದ್ದ ಅಂಗಮಾರಿ ಕೀಳುವಾಗ ಗೆಡ್ಡೆಗೆ ತಗಲುವುದೂ ತಪ್ಪುತ್ತದೆ. ಒಂದು ಗೆಡ್ಡೆ ಅಗೆದು ಹೆಬ್ಬೆರಳಿನಿಂದ ಒತ್ತಿ ಜಾರಿಸಿ. ಸಿಪ್ಪೆ ಸುಲಿದರೆ ಇನ್ನೂ ವಾರ ಕಾಯಿರಿ. ಆದರೆ ನಮ್ಮಲ್ಲಿ ಕಾಯಲು ಆಕಾಶ ಬಿಡಬೇಕಲ್ಲ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಅನ್ನುವ ಆಗಸ್ಟ್ ಹೊತ್ತಿಗೇ ಬೇಗ ಬಿತ್ತಿದವರ ಗೆಡ್ಡೆ ಬಲಿಯುವುದು. ನೀರು ನಿಂತ ಹೊಲದಲ್ಲಿ ಗೆಡ್ಡೆ ಉಸಿರು ಕಟ್ಟಿ ಕೊಳೆಯುತ್ತದೆ. ಬೆಲೆ ಇಲ್ಲದಿದ್ದರೂ ರೈತ ಕಿತ್ತು ಲಾರಿಗೆ ತುಂಬುವುದು ಇದಕ್ಕೇ. ಪೇಟೆಯವರು ‘ಸ್ವಲ್ಪ ದಿನ ಇಟ್ಕೊಂಡು ಮಾರಬಾರದಾ?’ ಅಂತ ಸಲೀಸಾಗಿ ಕೇಳುತ್ತಾರೆ. ಮಳೆಯಲ್ಲಿ ಕಿತ್ತ, ಸಿಪ್ಪೆ ಎಳೆಯದಾದ, ಮಣ್ಣು ಮೆತ್ತಿದ ಗೆಡ್ಡೆಯನ್ನು ಎಲ್ಲಿ ಇಡುವುದು?

ಇಡುವಂಥದ್ದು ಕೈಗೆ ಬಂದರೆ ಏನು ಮಾಡಬೇಕು ಅಂತ ಹೇಳುತ್ತೇನೆ. ತೊಳೆಯಬೇಡಿ. ಒಣ ಮಣ್ಣು ತಾನೇ ಉದುರುತ್ತದೆ. ಎತ್ತರದಿಂದ ಸುರಿಯಬೇಡಿ. ಗೆಡ್ಡೆ ಕಲ್ಲಿನ ಹಾಗೆ ಕಂಡರೂ ಒಳಗೆ ಹಣ್ಣೇ. ಗುದ್ದಲಿ ತಗುಲಿದ್ದನ್ನು ಬೇರೆ ಇಟ್ಟು ಮೊದಲು ಸಾರಿಗೆ ಹಾಕಿ. ಉಳಿದದ್ದನ್ನು ನೆರಳಲ್ಲಿ ತೆಳ್ಳಗೆ ಹರಡಿ ಹತ್ತು ಹದಿನೈದು ದಿನ ಬಿಡಿ. ಹೋಳು ಗಾಯ ಮಾಯಿಸಿಕೊಂಡಿತಲ್ಲ, ಅದೇ ಕೆಲಸ ಇಲ್ಲೂ ನಡೆಯುತ್ತದೆ.

ಅಜ್ಜನ ಮನೆಯಲ್ಲಿ ಇದಕ್ಕೆ ನಡುಮನೆಯ ಹಿಂದೆ ಒಂದು ಕತ್ತಲೆ ಕೋಣೆ ಇತ್ತು. ಮಣ್ಣಿನ ಗೋಡೆ, ಮಣ್ಣಿನ ನೆಲ, ನಾಡಹೆಂಚಿನ ಮಾಡು. ನಾಡಹೆಂಚಿಗೆ ಒಂದು ಗುಣ ಇದೆ. ನೀರು ಒಳಗೆ ಬಿಡುವುದಿಲ್ಲ, ಬಿಸಿಗಾಳಿಯನ್ನು ಸಂದಿಯಿಂದ ಹೊರಗೆ ಬಿಡುತ್ತದೆ. ನೆಲದ ಮೇಲೆ ನಾಲ್ಕು ಕಲ್ಲಿಟ್ಟು ಬಿದಿರಿನ ತಟ್ಟಿ, ತಟ್ಟಿಯ ಮೇಲೆ ರಾಗಿ ಹುಲ್ಲು, ಅದರ ಮೇಲೆ ಮೊಣಕಾಲೆತ್ತರಕ್ಕೆ ಗೆಡ್ಡೆ. ನಡುನಡುವೆ ಲಕ್ಕಿ ಸೊಪ್ಪು, ಬೇವಿನ ಸೊಪ್ಪು. ಮೇಲೆ ಮತ್ತೆ ಹುಲ್ಲು. ಎಂಟು ದಿನಕ್ಕೊಮ್ಮೆ ಅಜ್ಜಿ ಬಾಗಿಲು ತೆಗೆದು, ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತು ಮೂಸುತ್ತಿದ್ದರು. ಒಂದು ಗೆಡ್ಡೆ ಕೊಳೆತಿದ್ದರೂ ಅವರಿಗೆ ಗೊತ್ತಾಗುತ್ತಿತ್ತು. ಅದನ್ನು ಹುಡುಕಿ ತೆಗೆಯುವವರೆಗೆ ನಮಗೆ ಬಿಡುಗಡೆ ಇಲ್ಲ. ಎಲ್ಲ ಸರಿ ಇದ್ದರೆ ಸೆಪ್ಟೆಂಬರಿನ ಗೆಡ್ಡೆ ಸಂಕ್ರಾಂತಿ ದಾಟುತ್ತಿತ್ತು. ಕೊನೆಕೊನೆಗೆ ಸುಕ್ಕಾಗಿ, ಮೊಳಕೆ ಬಂದು, ಕೈಯಲ್ಲಿ ಹಿಡಿದರೆ ಮೆತ್ತಗೆ ಇರುತ್ತಿತ್ತು. ಪಲ್ಯಕ್ಕೆ ಅಡ್ಡಿ ಇರಲಿಲ್ಲ.

ಸೊಪ್ಪು ಯಾಕೆ ಅಂದರೆ ಆಗಲೇ ಹೇಳಿದ ಪತಂಗಕ್ಕೆ. ಅದೂ ನಮ್ಮ ದೇಶದ್ದಲ್ಲ. 1906ರಲ್ಲಿ ಇಟಲಿಯಿಂದ ಮುಂಬೈ ಪ್ರಾಂತಕ್ಕೆ ಬೀಜದ ಗೆಡ್ಡೆಯ ಜೊತೆ ಬಂತು. ಅದರ ಮರಿ ಕಣ್ಣಿನ ಹತ್ತಿರ ತೂತು ಕೊರೆದು ಒಳಗೆ ಹೋಗುತ್ತದೆ. ಕಣ್ಣಿನ ಬಾಯಲ್ಲಿ ಕಪ್ಪು ಹಿಕ್ಕೆ ಕಂಡರೆ ಅದೇ. ವಾಸನೆಯ ಸೊಪ್ಪು ಪತಂಗವನ್ನು ಸ್ವಲ್ಪ ದೂರ ಇಡುತ್ತದೆ. ಉತ್ತರದ ಬೆಟ್ಟಗಳ ಕಡೆ ಲಂಟಾನ ಸೊಪ್ಪು ಹಾಕುತ್ತಾರೆ. ಅದಂತೂ ನಮ್ಮಲ್ಲಿ ಬೇಕಾದಷ್ಟಿದೆ, ಹೀಗಾದರೂ ಉಪಯೋಗಕ್ಕೆ ಬರಲಿ. ಇನ್ನೂ ಗಟ್ಟಿ ಉಪಾಯ ಬೇಕೆಂದರೆ ಗೆಡ್ಡೆಯ ಮೇಲೆ ಒಂದು ಅಂಗುಲ ಒಣ ಮರಳು ಹರಡಿ. ಪತಂಗಕ್ಕೆ ಗೆಡ್ಡೆ ಮುಟ್ಟಲು ಆಗುವುದಿಲ್ಲ, ಮರಳಿನ ಸಂದಿಯಲ್ಲಿ ಗಾಳಿ ಮಾತ್ರ ಆಡುತ್ತದೆ.

ಮನೆಯೊಳಗೆ ಜಾಗ ಸಾಲದವರು ಹೊರಗೇ ರಾಶಿ ಹಾಕುತ್ತಾರೆ. ಪುಣೆ ಜಿಲ್ಲೆಯಲ್ಲಿ ಇದಕ್ಕೆ ಅರಣ ಅನ್ನುತ್ತಾರೆ. ಮರದ ದಟ್ಟ ನೆರಳಲ್ಲಿ ರಾಶಿ ಮಾಡಿ ಹುಲ್ಲು ದಪ್ಪಗೆ ಹೊದಿಸುವುದು. ಮಧ್ಯಪ್ರದೇಶದ ಮಾಳ್ವಾದಲ್ಲೂ ರಾಶಿ, ತಗ್ಗು ಗುಂಡಿಗಳ ರೂಢಿ ಇದೆ. ರಾಶಿ ಸೊಂಟದೆತ್ತರ ದಾಟಬಾರದು ಅನ್ನುವುದು ಎಲ್ಲ ಕಡೆಯ ಅನುಭವ.

ನಾನು ದುಡ್ಡು ಕೊಟ್ಟು ಕಲಿತೆ ಅಂದೆನಲ್ಲ. ಜಮೀನು ನನ್ನ ಕೈಗೆ ಬಂದ ಎರಡನೇ ವರ್ಷ. ಬೆಲೆ ಬಿದ್ದಿತ್ತು. 40 ಚೀಲ ಗೆಡ್ಡೆಯನ್ನು ಕಣದ ಹೊಂಗೆ ಮರದ ಕೆಳಗೆ ರಾಶಿ ಹಾಕಿದೆ. ಹುಲ್ಲು ಹೊದಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮಳೆ ಬರುತ್ತದೆ ಅಂತ ಮೇಲೆ ನೀಲಿ ಟಾರ್ಪಾಲು ಎಳೆದು, ಸುತ್ತ ಕಲ್ಲು ಹೇರಿ, ಅಂಚಿಗೆ ಮಣ್ಣು ಮೆತ್ತಿದೆ. ಒಂದು ಹನಿ ಒಳಗೆ ಹೋಗಬಾರದು ಅಂತ. ಒಳ್ಳೆ ಹಗೇವು ಮುಚ್ಚಿದ ಹಾಗೆ! ಹನ್ನೆರಡು ದಿನ ಬಿಟ್ಟು ಟಾರ್ಪಾಲು ಎತ್ತಿದಾಗ ಒಳಮೈಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಹೊರಗಿನಿಂದ ಒಂದು ಹನಿಯೂ ಬಂದಿರಲಿಲ್ಲ, ಎಲ್ಲ ಗೆಡ್ಡೆಯ ಬೆವರು. ರಾಶಿಯೊಳಗೆ ಕೈ ಹಾಕಿದರೆ ಸ್ನಾನದ ನೀರಿನಷ್ಟು ಬಿಸಿ. ಮೇಲಿನದು ಮೆತ್ತಗಾಗಿ ಕೈಗೆ ಬಂತು. ನಡುವಿನದು ಹೊರಗೆ ಚೆನ್ನಾಗಿತ್ತು, ಕೊಯ್ದರೆ ಒಳಗೆ ಇದ್ದಿಲು. ಉಸಿರು ಕಟ್ಟಿದ ಗೆಡ್ಡೆ ಹೃದಯದಿಂದ ಸಾಯುತ್ತದೆ. ಎಂಟು ಚೀಲ ಉಳಿಯಿತು. ಉಳಿದದ್ದನ್ನು ಗುಂಡಿಗೆ ಹಾಕುವಾಗ ಅಜ್ಜ ಜಗಲಿಯಲ್ಲಿ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಆಂಡೀಸಿನವರು ಕಾಪಿಡುವ ಬಗೆ ಕೇಳಿದರೆ ನಮ್ಮ ಅಟ್ಟ, ತಟ್ಟಿ ಎಲ್ಲ ಚಿಕ್ಕ ಮಕ್ಕಳ ಆಟ ಅನಿಸುತ್ತದೆ. ಅಲ್ಲಿ ಜೂನ್, ಜುಲೈ ಚಳಿಗಾಲ. ಸುಮಾರು 4,000 ಮೀಟರ್ ಎತ್ತರದಲ್ಲಿ ಗೆಡ್ಡೆಯನ್ನು ರಾತ್ರಿ ಬಯಲಲ್ಲಿ ಹರಡುತ್ತಾರೆ. ಹಿಮಕ್ಕೆ ಹೆಪ್ಪುಗಟ್ಟುತ್ತದೆ. ಹಗಲು ಕರಗುತ್ತದೆ. ಕೆಲವು ದಿನ ಹೀಗೇ ಬಿಟ್ಟು, ಬರಿಗಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸುತ್ತಾರೆ. ಕಪ್ಪಗೆ, ಹಗುರಾಗಿ, ಬೆಣಚುಕಲ್ಲಿನ ಹಾಗೆ ಆಗುತ್ತದೆ. ಹೆಸರು ಚುನ್ಯೊ. ವರ್ಷಗಟ್ಟಲೆ ಇರುತ್ತದೆ. ಇಂಕಾ ಅರಸರ ಉಗ್ರಾಣಗಳಲ್ಲೂ ಇದು ತುಂಬಿರುತ್ತಿತ್ತು. ಹರಿವ ನೀರಲ್ಲಿ ವಾರಗಟ್ಟಲೆ ನೆನೆಸಿ ಒಣಗಿಸಿದ ಬಿಳಿಯ ಬಗೆಯೂ ಇದೆ. ಗೆಡ್ಡೆಯ ಜೀವವನ್ನೇ ತೆಗೆದು ಇಡುವ ಉಪಾಯ ಇದು. ನೀರಿಲ್ಲದಿದ್ದರೆ ಉಸಿರೂ ಇಲ್ಲ, ಕೊಳೆಯುವುದೂ ಇಲ್ಲ. ಮಾರ್ಚ್ ಬಿಸಿಲಲ್ಲಿ ನಮ್ಮ ಅಮ್ಮಂದಿರು ಗೆಡ್ಡೆ ಬೇಯಿಸಿ ಮಾಳಿಗೆಯಲ್ಲಿ ಸಂಡಿಗೆ ಇಡುತ್ತಾರಲ್ಲ, ಅದೂ ಅದೇ ದಾರಿ. ಇನ್ನೊಂದು ವಿಷಯ. ಹಸಿ ಗೆಡ್ಡೆ ಇಡುವಾಗ ಆಂಡೀಸಿನವರೂ ಮುನ್ಯಾ ಅನ್ನುವ ಘಾಟಿನ ಸೊಪ್ಪನ್ನು ನಡುನಡುವೆ ಹಾಕುತ್ತಾರೆ. ನಮ್ಮಜ್ಜಿಗೆ ಲಕ್ಕಿ ಸೊಪ್ಪು, ಅವರಿಗೆ ಮುನ್ಯಾ. ಇವರು ಅವರನ್ನು ಕಂಡವರಲ್ಲ, ಅವರು ಇವರನ್ನು ಕಂಡವರಲ್ಲ.

ಬೀಜದ ಪ್ರಶ್ನೆಯೇ ಕಷ್ಟದ್ದು. ಪ್ರತಿ ವರ್ಷ ಪಂಜಾಬಿನಿಂದ ಯಾಕೆ ತರಬೇಕು, ನಮ್ಮದನ್ನೇ ಇಟ್ಟುಕೊಳ್ಳಬಾರದಾ ಅಂತ ಆಗಲೇ ಒಬ್ಬರು ಕೇಳಿದರು. ಲೆಕ್ಕ ಹಾಕಿ ನೋಡಿ. ನಾವು ಕೀಳುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಕಿತ್ತ ಗೆಡ್ಡೆ ಎರಡು ತಿಂಗಳು, ಹೆಚ್ಚೆಂದರೆ ಎರಡೂವರೆ ತಿಂಗಳು ಮಲಗುತ್ತದೆ. ನವೆಂಬರಿಗೆ ಎದ್ದು ಕೂರುತ್ತದೆ. ನಮಗೆ ಬೀಜ ಬೇಕಾಗಿರುವುದು ಮೇ ತಿಂಗಳಿಗೆ. ಅಷ್ಟರಲ್ಲಿ ಅದು ಮುದುಕಾಗಿರುತ್ತದೆ. ಪಂಜಾಬಿನವರು ಚಳಿಗಾಲದಲ್ಲಿ ಬೆಳೆದು, ಜನವರಿ ಆಸುಪಾಸಿನಲ್ಲೇ ಹಂಬು ಕತ್ತರಿಸುತ್ತಾರೆ. ವೈರಸ್ ಹರಡುವ ಗಿಡಹೇನು ಹೆಚ್ಚುವ ಮೊದಲೇ ಗಿಡ ಇಲ್ಲದಂತೆ ಮಾಡುವ ಉಪಾಯ. ಇದನ್ನು ಕಂಡುಹಿಡಿದವರು ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯ ಪುಷ್ಕರನಾಥ್. ಅದಕ್ಕೂ ಮೊದಲು ಬಯಲಿನವರು ಒಳ್ಳೆ ಬೀಜಕ್ಕೆ ಬೆಟ್ಟದ ಕಡೆ ನೋಡಬೇಕಿತ್ತು. ನಮ್ಮ ಮಳೆಗಾಲದಲ್ಲಿ ಗಿಡಹೇನು ಇಲ್ಲದ ಕಾಲವೇ ಸಿಗದು. ಎರಡು ಮೂರು ವರ್ಷ ನಮ್ಮದೇ ಬೀಜ ಹಾಕಿದರೆ ಎಲೆ ಮುದುಡಿ, ಗೆಡ್ಡೆ ಗೋಲಿಯಾಗುತ್ತಾ ಬರುತ್ತದೆ. ‘ಬೀಜ ಸೋತಿದೆ’ ಅನ್ನುತ್ತಿದ್ದರು ಹಿರಿಯರು. ಹಾಗಾಗಿ ‘ನಮ್ಮ ಬೀಜ ನಮ್ಮ ಹಕ್ಕು’ ಅನ್ನುವ ಮಾತನ್ನು ರಾಗಿಯ ಬಗ್ಗೆ ನಾನು ಜೋರಾಗಿ ಹೇಳುತ್ತೇನೆ, ಇಲ್ಲಿ ಸ್ವಲ್ಪ ಮೆತ್ತಗೆ.

ಆದರೆ ದಾರಿಯೇ ಇಲ್ಲ ಅಂತಲ್ಲ. ಬಾವಿ ಇರುವವರು ಚಳಿಗಾಲದಲ್ಲಿ ನಾಲ್ಕು ಗುಂಟೆ ಬೆಳೆದು ಮಾರ್ಚಿನಲ್ಲಿ ಕಿತ್ತರೆ ಅದು ಮೇ ತಿಂಗಳಿಗೆ ಸರಿಯಾಗಿ ಏಳುತ್ತದೆ. ಅದನ್ನು ತಿನ್ನುವ ಗೆಡ್ಡೆಯ ಹಾಗೆ ಕತ್ತಲಲ್ಲಿ ಇಡಬೇಡಿ. ಕತ್ತಲಲ್ಲಿ ಮೊಳಕೆ ಬಿಳಿ ದಾರದ ಹಾಗೆ ಉದ್ದ ಬಂದು, ಮುಟ್ಟಿದರೆ ಮುರಿಯುತ್ತದೆ. ಬೀಜಕ್ಕೆ ಬೆಳಕು ಬೇಕು, ಬಿಸಿಲು ಬೇಡ. ಜಗಲಿಯ ಸೂರಿನ ಕೆಳಗೆ ಬಿದಿರಿನ ಅಟ್ಟಣೆ ಮಾಡಿ ಒಂದೆರಡು ಪದರ ಹರಡಿ. ಗೆಡ್ಡೆ ಹಸಿರಾಗುತ್ತದೆ, ಆಗಲಿ, ತಿನ್ನುವುದಿಲ್ಲವಲ್ಲ. ಮೊಳಕೆ ಗಿಡ್ಡಗೆ, ದಪ್ಪಗೆ, ಗಟ್ಟಿಯಾಗಿ ಬರುತ್ತದೆ. ರೈತರ ಮನೆಗಳಲ್ಲಿ ಮೊದಲೇ ಇದ್ದ ಈ ರೂಢಿಯನ್ನು ತಿದ್ದಿ, 1971ರಲ್ಲಿ ಪೆರುವಿನ ಲಿಮಾದಲ್ಲಿ ಶುರುವಾದ ಅಂತಾರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಬೇರೆ ಬೇರೆ ದೇಶಗಳಿಗೆ ಹಬ್ಬಿಸಿತು. ಈಗ ಹಾಸನದ ಸುತ್ತ ಕುಡಿ ಸಸಿ ಅಂತಲೂ ಬಂದಿದೆ. ರೋಗವಿಲ್ಲದ ತಾಯಿ ಗಿಡದ ಕುಡಿ ಚಿವುಟಿ, ತೆಂಗಿನ ನಾರಿನ ಪುಡಿಯಲ್ಲಿ ಬೇರು ಬರಿಸಿ, ಟೊಮೆಟೊ ಸಸಿಯ ಹಾಗೆ ನೆಡುವುದು. ಅದರ ಗೆಡ್ಡೆಯನ್ನು ಬೀಜಕ್ಕೆ ಇಟ್ಟುಕೊಳ್ಳಬಹುದು. ನೀರು, ನೆರಳು ಕೇಳುತ್ತದೆ, ಮಳೆ ನಂಬಿದವನಿಗೆ ನೇರವಾಗಿ ಆಗದು. ಊರಲ್ಲಿ ಇಬ್ಬರು ಬೆಳೆದು ಉಳಿದವರಿಗೆ ಕೊಟ್ಟರೆ ಲಾರಿ ಬಾಡಿಗೆಯಾದರೂ ಉಳಿಯುತ್ತದೆ.

ಅಲ್ಲಿ ಒಬ್ಬರು ಕೈ ಎತ್ತಿದ್ದಾರೆ. ಮನೆಗೆ ತಂದ ಗೆಡ್ಡೆಯನ್ನು ಫ್ರಿಜ್ಜಲ್ಲಿ ಇಡಬಹುದಾ ಅಂತ. ಬೇಡಮ್ಮ. ತಂಪು ಜಾಸ್ತಿಯಾದರೆ ಒಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಪಲ್ಯ ಸಿಹಿ ಬರುತ್ತದೆ, ಕರಿದರೆ ಬೇಗ ಕಪ್ಪಾಗುತ್ತದೆ. ಬೀಜವನ್ನು 2ರಿಂದ 4 ಡಿಗ್ರಿಯಲ್ಲಿ ಇಡುವುದು ಬೇರೆ, ಅದಕ್ಕೆ ಸಿಹಿಯಾದರೆ ನಷ್ಟ ಇಲ್ಲ. ಅಂಗಡಿಯವರು ಕಟ್ಟಿಕೊಟ್ಟ ಪ್ಲಾಸ್ಟಿಕ್ ಚೀಲದಿಂದ ತೆಗೆದು, ಬಿದಿರಿನ ಬುಟ್ಟಿಯಲ್ಲಿ ಹಾಕಿ, ಒಲೆಯಿಂದ ದೂರ ಕತ್ತಲ ಮೂಲೆಯಲ್ಲಿ ಇಡಿ. ಆ ಪ್ಲಾಸ್ಟಿಕ್ ಚೀಲವೂ ನನ್ನ ಟಾರ್ಪಾಲೇ.

ಗೆಡ್ಡೆ ವಾಪಸ್ ಬಂತಾ? ಕೊಡಿ ಇಲ್ಲಿ. ಯಾರೋ ತಲೆಯ ಮೊಳಕೆ ಮುರಿದಿದ್ದೀರಿ. ಇರಲಿ ಬಿಡಿ, ಹಿರಿಯಣ್ಣ ಹೋದ. ಇನ್ನು ನಾಲ್ಕೈದು ದಿನದಲ್ಲಿ ಪಕ್ಕದ ಕಣ್ಣುಗಳೆಲ್ಲ ಏಳುತ್ತವೆ. ರೋಹಿಣಿ ಮಳೆಗೆ ಎರಡು ಹೋಳು ಮಾಡಿ ನೆಡುತ್ತೇನೆ.